ಎದ್ದು ನಿಂತವರ ಲೆಕ್ಕ

ಗಂಡ ತೀರಿಕೊಂಡ ಇಪ್ಪತ್ತಮೂರನೆಯ ದಿನ ಪಕ್ಷದವರು ಮನೆಗೆ ಬಂದರು. ಬಂದವರು ಐದು ಜನ, ಹಜಾರದಲ್ಲಿದ್ದ ಕುರ್ಚಿ ನಾಲ್ಕು. ಐದನೆಯವರು ಗೋಡೆಗೊರಗಿ ನಿಂತು ಉಳಿದವರಿಗಿಂತ ಹೆಚ್ಚು ದುಃಖಪಟ್ಟರು. ದುಃಖ ಒಂದು ಸುತ್ತು ಚಹಾದಲ್ಲಿ ಮುಗಿಯಿತು, ಎರಡನೆಯ ಸುತ್ತಿಗೆ ವಿಷಯಕ್ಕೆ ಬಂದರು. ನಗರಸಭೆಯಲ್ಲಿ ತೀರಿಕೊಂಡವರ ಜಾಗ ಖಾಲಿಯಾಗಿದೆ, ಉಪಚುನಾವಣೆ ಬರುತ್ತಿದೆ, ಅನುಕಂಪವನ್ನು ಬಿಸಿಯಿರುವಾಗಲೇ ಬಡಿಸಬೇಕು.

"ಹೆಂಗಸಾದ್ರೆ ಗ್ಯಾರಂಟಿ," ಎಂದರು ಅಧ್ಯಕ್ಷರು. ಮರದ ಮಿಲ್ಲಿನ ಮಾಲೀಕರಾದ ಇವರು ಹನ್ನೊಂದು ವರ್ಷದಿಂದ ನಗರಸಭೆಗೂ ಮಾಲೀಕರು. "ಅದ್ರಲ್ಲೂ ಸಣ್ಣ ವಯಸ್ಸು. ನೋಡಿದ ತಕ್ಷಣ ಜನ ಕಣ್ಣೀರು ಹಾಕ್ತಾರೆ. ಕಣ್ಣೀರು ಹಾಕಿದ ಮೇಲೆ ಓಟು ಹಾಕದೆ ಇರ್ತಾರಾ?"

ಅತ್ತೆಯನ್ನು ಕೇಳಿದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ಅದನ್ನು ಒಪ್ಪಿಗೆ ಎಂದು ತೆಗೆದುಕೊಳ್ಳಲಾಯಿತು. ಮೈದುನನನ್ನು ಕೇಳಿದರು. ಸಿಮೆಂಟ್ ಅಂಗಡಿಯ ಮೈದುನನಿಗೆ ಆ ಜಾಗ ತನಗೇ ಬೇಕಿತ್ತು, ಆದರೆ ಅವನ ಮುಖಕ್ಕೆ ಅನುಕಂಪ ಕೂರುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. "ಅತ್ತಿಗೆ ಸುಮ್ನೆ ಕೂತ್ರೆ ಸಾಕು. ಓಡಾಟ ಎಲ್ಲಾ ನಂದು," ಎಂದ. ಕೊನೆಗೆ ಅವಳನ್ನೂ ಕೇಳಿದರು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಸಹಿ ಎಲ್ಲಿ ಹಾಕಬೇಕು ಎಂದು. ಆ ದಿನಗಳಲ್ಲಿ ಯಾರು ಏನು ಕೊಟ್ಟರೂ ಅವಳು ಕೈಚಾಚಿ ತೆಗೆದುಕೊಳ್ಳುತ್ತಿದ್ದಳು. ಚಹಾ, ಸಮಾಧಾನ, ನಾಮಪತ್ರ.

ಅವಳು ನಗರಸಭೆಯ ಹೆರಿಗೆ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದವಳು. ಊರಿಗೆಲ್ಲ ಸಿಸ್ಟರ್. ನಗರಸಭೆಯ ಸಂಬಳ ತೆಗೆದುಕೊಳ್ಳುವವರು ನಗರಸಭೆಯಲ್ಲಿ ಕೂರುವ ಹಾಗಿಲ್ಲವಾದ್ದರಿಂದ ಮೊದಲು ರಾಜೀನಾಮೆಗೆ ಸಹಿ ಹಾಕಿದಳು, ಆಮೇಲೆ ನಾಮಪತ್ರಕ್ಕೆ.

ಗಂಡ ಸತ್ತದ್ದು ಒಂದು ಮಂಗಳವಾರ ಬೆಳಿಗ್ಗೆ, ಗಡ್ಡ ಬೋಳಿಸುವಾಗ. ತಲೆಯೊಳಗೆ ನರ ಒಡೆದಿತ್ತು. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರಲ್ಲಿ ನೊರೆ ಹಾಗೇ ಇತ್ತು. ಜನ ಬರುವ ಮೊದಲು ಅವಳೇ ಇನ್ನೊಂದು ಕೆನ್ನೆಯನ್ನೂ ಬೋಳಿಸಿ ಒರೆಸಿದಳು. ಕೈ ನಡುಗಲಿಲ್ಲ. ನಡುಗಬೇಕಿತ್ತೇನೋ ಎಂದು ಆಮೇಲೆ ಅನಿಸಿತು.

ಚುನಾವಣೆಯ ಪೋಸ್ಟರಿನಲ್ಲಿ ಗಂಡನ ಚಿತ್ರ ಬಾಗಿಲಷ್ಟಿತ್ತು, ಅವಳದು ಅಂಚೆಚೀಟಿಯಷ್ಟು. "ಅವರ ಕನಸು, ಇವರ ಹೊಣೆ" ಎಂದು ಕೆಂಪಕ್ಷರದಲ್ಲಿ ಬರೆಸಿದ್ದರು.

"ಯಾವ ಕನಸು?" ಎಂದು ಅವಳು ಮೈದುನನನ್ನು ಕೇಳಿದಳು.

"ಅದೆಲ್ಲ ಈಗ್ಯಾಕೆ ಅತ್ತಿಗೆ? ಕನಸು ಅಂದ್ರೆ ಕನಸು. ಬಿಡಿಸಿ ಹೇಳಿದ್ರೆ ಜನಕ್ಕೆ ತಲೆನೋವು."

ಜನಕ್ಕೆ ತಲೆನೋವಾಗಲಿಲ್ಲ. ಅವಳು ಭಾರಿ ಅಂತರದಿಂದ ಗೆದ್ದಳು. ನಗರಸಭೆ ಶುರುವಾಗಿ ತೊಂಬತ್ತು ವರ್ಷವಾಗಿತ್ತು, ಈ ತೊಂಬತ್ತು ವರ್ಷದಲ್ಲಿ ಹೆಂಗಸೆಂಬವಳು ಸಭಾಂಗಣಕ್ಕೆ ಬಂದದ್ದು ಕಸ ಗುಡಿಸುವುದಕ್ಕೆ ಮಾತ್ರ. ಪತ್ರಿಕೆ "ಇತಿಹಾಸ ಬರೆದ ಮಹಿಳೆ" ಎಂದು ಬರೆದು, ಚಿತ್ರ ಮಾತ್ರ ಅಧ್ಯಕ್ಷರದನ್ನು ಹಾಕಿತು.

ಸಭಾಂಗಣದ ಗೋಡೆಯ ಮೇಲೆ ಮಾಜಿ ಅಧ್ಯಕ್ಷರ ಸಾಲು. ಎಲ್ಲರಿಗೂ ಮೀಸೆ. ಕೆಳಗೆ ಹದಿನೇಳು ಕುರ್ಚಿ. ಅವಳಿಗೆ ಗಂಡನ ಕುರ್ಚಿಯನ್ನೇ ಕೊಟ್ಟರು. ಅದರ ದಿಂಬಿನಲ್ಲಿ ಅವನು ಕೂತ ತಗ್ಗು ಇನ್ನೂ ಇತ್ತು. ಸಭೆಯ ನಡಾವಳಿ ಬರೆಯುವ ಗುಮಾಸ್ತ ಬಂದು ನೀರಿನ ಲೋಟ ಇಟ್ಟು, ಪದ್ಧತಿ ವಿವರಿಸಿದ. ಮೂವತ್ತೊಂದು ವರ್ಷದ ಸರ್ವಿಸ್, ಮೂಗಿನ ತುದಿಯಲ್ಲಿ ಕನ್ನಡಕ.

"ಇಲ್ಲಿ ಕೈ ಎತ್ತೋದಿಲ್ಲ ಮೇಡಂ. ಅಧ್ಯಕ್ಷರು ನಿರ್ಣಯ ಓದ್ತಾರೆ. ವಿರೋಧ ಇದ್ದವರು ಎದ್ದು ನಿಲ್ಲಬಹುದು ಅಂತಾರೆ. ನಿಂತವರ ತಲೆ ಎಣಿಸಿ ನಾನು ಬರೀತೀನಿ. ನಿಲ್ಲದೆ ಇರೋರು ಒಪ್ಪಿದ ಹಾಗೆ."

"ಎಷ್ಟು ಜನ ನಿಲ್ತಾರೆ?"

"ನನ್ನ ಸರ್ವಿಸಲ್ಲಿ ಒಬ್ರು ನಿಂತಿದ್ರು." ಗುಮಾಸ್ತ ಕನ್ನಡಕ ಸರಿಪಡಿಸಿಕೊಂಡ. "ಅವ್ರಿಗೂ ಕಾಲು ಜೋಮು ಹಿಡಿದಿತ್ತು ಅಷ್ಟೇ. ನಾನು ಎಣಿಸೋ ಮೊದ್ಲೇ ಕೂತ್ರು."

ಹಾಗಾಗಿ ಆ ಸಭೆಯ ಪುಸ್ತಕಗಳಲ್ಲೆಲ್ಲ ಒಂದೇ ಪದ, ಸರ್ವಾನುಮತದಿಂದ. ಯಾವ ಸದಸ್ಯನ ಹೆಸರೂ ಯಾವ ನಿರ್ಣಯದ ಪಕ್ಕದಲ್ಲೂ ಇರಲಿಲ್ಲ. ತೊಂಬತ್ತು ವರ್ಷದಿಂದ ಊರಿನ ಒಳ್ಳೆಯದು ಕೆಟ್ಟದ್ದನ್ನೆಲ್ಲ ಎಲ್ಲರೂ ಸೇರಿ ಮಾಡಿದ್ದರು, ಎಂದರೆ ಯಾರೂ ಮಾಡಿರಲಿಲ್ಲ.

ಮೊದಲ ದಿನ ಅವಳನ್ನು ಗೌರವಿಸಬೇಕೆಂದು ಅಧ್ಯಕ್ಷರಿಗೆ ಹೊಳೆಯಿತು. ಮೂಲೆಯಲ್ಲಿ ವರದಿಗಾರ ಕ್ಯಾಮೆರಾ ಹಿಡಿದು ಕೂತಿದ್ದ. ಅವಳಿಗೆಂದು ಬೇರೆ ಕೋಣೆ ಕೊಡುವುದು ಕಷ್ಟ, ಸಮಿತಿಯಲ್ಲಿ ಜಾಗ ಕೊಡುವುದು ಇನ್ನೂ ಕಷ್ಟ. ಗೌರವ ಕೊಡುವುದು ಸುಲಭ. ಸ್ಥಳದಲ್ಲೇ ಒಂದು ನಿರ್ಣಯ ಬರೆಸಿದರು: ಪ್ರಥಮ ಮಹಿಳಾ ಸದಸ್ಯರು ಸಭೆಯಲ್ಲಿ ಎದ್ದು ನಿಂತಾಗಲೆಲ್ಲ, ಉಳಿದ ಸದಸ್ಯರೆಲ್ಲರೂ ಎದ್ದು ನಿಂತು ಗೌರವ ಸೂಚಿಸತಕ್ಕದ್ದು. ಚಪ್ಪಾಳೆ ಬಿತ್ತು. ಅವಳು ವಂದನೆ ಹೇಳಲು ಎದ್ದಳು, ಹದಿನಾರು ಗಂಡಸರು ಕುರ್ಚಿ ಎಳೆದು ಎದ್ದರು. ಮಂಡಿನೋವಿನ ಅಧ್ಯಕ್ಷರು ಮೇಜಿಗೆ ಕೈಯೂರಿ ಎದ್ದರು. ಅವಳು ಕೂತಳು, ಅವರೂ ಕೂತರು. ವರದಿಗಾರನ ಫ್ಲ್ಯಾಷ್ ಮಿಂಚಿತು.

"ಇನ್ನೆಷ್ಟು ಸಲ ಎದ್ದೇಳಿಸ್ತಾಳೆ ಪಾಪ," ಎಂದು ಅಧ್ಯಕ್ಷರು ಮಂಡಿ ಉಜ್ಜಿಕೊಳ್ಳುತ್ತ ಪಕ್ಕದವರಿಗೆ ಹೇಳಿದ್ದು ಅವಳಿಗೂ ಕೇಳಿಸಿತು. "ಹೋಗೋ ದಿನ ಇನ್ನೊಂದು ಸಲ. ಅಷ್ಟೇ ತಾನೇ?"

ಸಭೆಗೆ ಮೂರು ದಿನ ಮೊದಲು ಪ್ರತಿಯೊಬ್ಬ ಸದಸ್ಯರ ಮನೆಗೂ ವಿಷಯಪಟ್ಟಿಯ ದಪ್ಪ ಲಕೋಟೆ ಬರುತ್ತಿತ್ತು. ಅದನ್ನು ಯಾರೂ ಒಡೆಯುತ್ತಿರಲಿಲ್ಲ. ಒಬ್ಬರ ಮನೆಯಲ್ಲಿ ಅದು ಅಲುಗಾಡುವ ಮೇಜಿನ ಕಾಲಿಗೆ ಆಧಾರವಾಗಿತ್ತು ಎಂದು ಗುಮಾಸ್ತನೇ ಹೇಳುತ್ತಿದ್ದ. ಸಿಸ್ಟರ್‌ಗೆ ಒಂಬತ್ತು ವರ್ಷ ರೋಗಿಯ ಚೀಟಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಅಭ್ಯಾಸ. ಮಧ್ಯಾಹ್ನ ಊಟವಾದ ಮೇಲೆ ಲಕೋಟೆ ಒಡೆದು ಓದಲು ಕೂತಳು. ಚರಂಡಿ, ಬೀದಿದೀಪ, ಮತ್ತೆ ಚರಂಡಿ. ಹದಿನಾಲ್ಕನೆಯ ವಿಷಯಕ್ಕೆ ಬಂದು ನಿಂತಳು.

ಹೆರಿಗೆ ಆಸ್ಪತ್ರೆಯನ್ನು ಮುಚ್ಚುವುದು. ಕಟ್ಟಡ ಕೆಡವಿ ಆ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟುವುದು. ಹೆರಿಗೆಗೆ ಬರುವವರನ್ನು ಹನ್ನೊಂದು ಕಿಲೋಮೀಟರ್ ಆಚೆಯ ದೊಡ್ಡಾಸ್ಪತ್ರೆಗೆ ಕಳಿಸುವುದು. ಜೊತೆಗೊಂದು ಪತ್ರ ಲಗತ್ತಾಗಿತ್ತು. ಪತ್ರದ ಕೆಳಗೆ, ಪ್ರಸ್ತಾಪಿಸಿದವರು ಎಂಬಲ್ಲಿ, ಅವಳ ಗಂಡನ ಸಹಿ.

ಮೈದುನ ಬಂದಾಗ ಅವಳು ಹಾಳೆಯನ್ನು ಅವನ ಮುಂದೆ ಹಿಡಿದಳು. ಅವನ ಮುಖ ಅರಳಿತು.

"ಹ್ಞಾ! ಇದೇ ಅತ್ತಿಗೆ, ಕನಸು. ಕೆಳಗೆ ಮೂವತ್ತೆರಡು ಮಳಿಗೆ, ಮೇಲೆ ಮದುವೆ ಹಾಲ್. ಹಾಲ್‌ಗೆ ಅಣ್ಣನ ಹೆಸರು. ಅಧ್ಯಕ್ಷರು ಮಾತು ಕೊಟ್ಟಿದಾರೆ."

"ಸಿಮೆಂಟು?"

"ಸಿಮೆಂಟಿಲ್ಲದೆ ಯಾರಾದ್ರೂ ಕಟ್ಟಡ ಕಟ್ತಾರಾ? ಏನು ಪ್ರಶ್ನೆ ಕೇಳ್ತೀರಿ ನೀವು."

ಹನ್ನೊಂದು ಕಿಲೋಮೀಟರಿನ ನಡುವೆ ಒಂದು ರೈಲ್ವೆ ಗೇಟಿದೆ. ಎರಡು ವರ್ಷದ ಹಿಂದೆ ರಕ್ತ ನಿಲ್ಲದ ಒಬ್ಬಳನ್ನು ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ಯುವಾಗ ಆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ, ಐವತ್ತೆಂಟು ಡಬ್ಬಿ. ಸಿಸ್ಟರ್ ಎಣಿಸಿದ್ದಳು. ಎಣಿಸಿ ಮುಗಿಯುವಷ್ಟರಲ್ಲಿ ಅವಳು ಹಿಡಿದುಕೊಂಡಿದ್ದ ಕೈ ತಣ್ಣಗಾಗಿತ್ತು. ಆ ದಿನ ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ಊಟ ಬಿಟ್ಟು ಎದ್ದು ಅವಳ ಪಕ್ಕ ಕೂತಿದ್ದ. "ನಮ್ಮಲ್ಲೇ ಒಬ್ಬ ಡಾಕ್ಟರು ಹೆಚ್ಚಿಗೆ ಇರಬೇಕಿತ್ತು," ಎಂದು ಹೇಳಿದ್ದ.

ಪತ್ರದ ತಾರೀಖು ಅದಾಗಿ ನಾಲ್ಕು ತಿಂಗಳಿಗೆ. ಆ ನಾಲ್ಕು ತಿಂಗಳೂ, ಸಹಿ ಹಾಕಿದ ಮೇಲೂ, ಅವನು ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಅವಳನ್ನು ಅದೇ ಆಸ್ಪತ್ರೆಯ ಗೇಟಿಗೆ ಬಿಟ್ಟು, ಹುಷಾರು ಎಂದು ಹೇಳಿ ಹೋಗುತ್ತಿದ್ದ.

ಸಹಿ ಹಾಕಿದ್ದು ಓದದೆ ಎಂದುಕೊಳ್ಳಲು ಅವಳು ಸ್ವಲ್ಪ ಹೊತ್ತು ಪ್ರಯತ್ನಪಟ್ಟಳು. ಆಗಲಿಲ್ಲ. ಪತ್ರದಲ್ಲಿ "ಮೂವತ್ತು ಮಳಿಗೆ" ಎಂದಿದ್ದನ್ನು ಅವನೇ ಪೆನ್ನಿನಲ್ಲಿ "ಮೂವತ್ತೆರಡು" ಎಂದು ತಿದ್ದಿದ್ದ.

ಸಭೆಯ ದಿನ ಹದಿಮೂರು ವಿಷಯ ಹದಿನೈದು ನಿಮಿಷದಲ್ಲಿ ಮುಗಿದವು. ಅಧ್ಯಕ್ಷರು ಹದಿನಾಲ್ಕನೆಯದನ್ನು ಒಂದೇ ಉಸಿರಿನಲ್ಲಿ ಓದಿ, ಗಡಿಯಾರ ನೋಡಿ, "ವಿರೋಧ ಇರೋರು ಎದ್ದು ನಿಲ್ಲಬಹುದು" ಎಂದರು.

ಸಿಸ್ಟರ್ ಎದ್ದು ನಿಂತಳು.

ತಕ್ಷಣ ಹದಿನೈದು ಕುರ್ಚಿ ಕಿರ್ರೆಂದವು. ಅರ್ಧನಿದ್ದೆಯಲ್ಲಿದ್ದವರೂ ಎದ್ದರು. ಪಕ್ಕದವನು ಎದ್ದರೆ ತಾನೂ ಏಳುವುದು ಅವರಿಗೆ ಅಷ್ಟು ರೂಢಿಯಾಗಿಬಿಟ್ಟಿತ್ತು. ಅಧ್ಯಕ್ಷರೂ ಮಂಡಿ ಹಿಡಿದು ಎದ್ದರು. ಗುಮಾಸ್ತ ಪೆನ್ನಿನ ತುದಿಯಿಂದ ಒಂದೊಂದೇ ತಲೆ ಎಣಿಸಿದ.

"ಹದಿನೇಳು," ಎಂದು ಬರೆದುಕೊಂಡ. "ನಿರ್ಣಯ ಸರ್ವಾನುಮತದಿಂದ ತಿರಸ್ಕೃತ."

"ಏಯ್! ಏನ್ ಬರೀತಿದೀಯಾ?" ಅಧ್ಯಕ್ಷರು ಕೂಗಿದರು. "ನಾವು ನಿಂತಿದ್ದು ಗೌರವಕ್ಕೆ!"

"ಯಾಕೆ ನಿಂತ್ರು ಅಂತ ಬರಿಯೋಕೆ ಪುಸ್ತಕದಲ್ಲಿ ಕಾಲಂ ಇಲ್ಲ ಸಾರ್. ಎಷ್ಟು ಜನ ನಿಂತ್ರು ಅಂತ ಮಾತ್ರ ಇದೆ."

"ಹಾಗಾದ್ರೆ ಈಗ ಕೂತ್ಕೋತೀವಿ."

"ಕೂತ್ಕೊಳ್ಳಿ ಸಾರ್. ಆದ್ರೆ ಮೇಡಂ ಇನ್ನೂ ನಿಂತಿದಾರೆ."

ಎಲ್ಲರೂ ಅವಳ ಕಡೆ ನೋಡಿದರು. ಅವಳು ನಿಂತೇ ಇದ್ದಳು. ಹೆರಿಗೆ ಕೋಣೆಯಲ್ಲಿ ಎಂಟು ಗಂಟೆ ನಿಂತು ಅಭ್ಯಾಸವಿದ್ದವಳು. ಐದು ನಿಮಿಷಕ್ಕೆ ಅಧ್ಯಕ್ಷರ ಮಂಡಿ ಸೋತಿತು. ಬಿದ್ದ ನಿರ್ಣಯ ಮೂರು ತಿಂಗಳು ಮತ್ತೆ ಬರುವ ಹಾಗಿಲ್ಲ ಎಂದು ಗುಮಾಸ್ತ ನಿಯಮ ಓದಿ ಹೇಳಿದ. ನಿಯಮದ ಪುಸ್ತಕವೊಂದಿದೆ ಎಂದು ಬಹಳ ಜನಕ್ಕೆ ಅಂದೇ ಗೊತ್ತಾದದ್ದು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು, ಸದಸ್ಯರ ಆರೋಗ್ಯದ ಹಿತದೃಷ್ಟಿಯಿಂದ, ಗೌರವದ ನಿರ್ಣಯವನ್ನೇ ರದ್ದು ಮಾಡಲು ಹೊರಟರು. ವಿರೋಧ ಇರುವವರು ಎದ್ದು ನಿಲ್ಲಬಹುದು ಎಂದರು. ಅವಳು ಎದ್ದಳು. ರದ್ದಾಗುವವರೆಗೆ ನಿಯಮ ನಿಯಮವೇ. ಗಂಡಸರು ಅರ್ಧ ಎದ್ದು ಒಬ್ಬರ ಮುಖ ಒಬ್ಬರು ನೋಡಿದರು. ವರದಿಗಾರ ಕ್ಯಾಮೆರಾ ಎತ್ತಿದ. ಗಂಡ ಸತ್ತ ಹೆಣ್ಣುಮಗಳ ಮುಂದೆ ಕಾಲು ಚಾಚಿ ಕೂತವನೆಂದು ಪತ್ರಿಕೆಯಲ್ಲಿ ಬರಲು ಯಾರಿಗೂ ಇಷ್ಟವಿರಲಿಲ್ಲ. ಪೂರ್ತಿ ಎದ್ದರು. ಅವಳಿಗೆ ಗೌರವ ಕೊಡಬಾರದೆಂಬ ನಿರ್ಣಯವೂ ಸರ್ವಾನುಮತದಿಂದ ಬಿತ್ತು.

ಅವಳ ಬದುಕಿನಲ್ಲಿ ಅಷ್ಟು ತಿಂಗಳಲ್ಲಿ ಮೊದಲ ಸಲ ನಗು ಬಂದದ್ದು ಅವತ್ತು. ಮನೆಗೆ ಹೋಗುವ ದಾರಿಯಲ್ಲಿ ಬಂತು. ಅಲ್ಲೇ ತಡೆದುಕೊಂಡಳು.

ಮರದ ಮಿಲ್ಲಿನ ಒಳಕೋಣೆಯಲ್ಲಿ ಹದಿನಾರು ಗಂಡಸರು ಸೇರಿ ಒಂದು ತೀರ್ಮಾನಕ್ಕೆ ಬಂದರು ಎಂಬ ಸುದ್ದಿ ತಂದವನು ಮೈದುನನೇ. ಗೆಲ್ಲುವ ಕಡೆಯಲ್ಲಿದ್ದೇನೆಂಬ ಖುಷಿಗೆ ಗುಟ್ಟು ಅವನ ಬಾಯಲ್ಲಿ ನಿಲ್ಲುತ್ತಿರಲಿಲ್ಲ.

"ಮೂರು ತಿಂಗಳಾಯ್ತು. ಈ ಸಲ ಯಾರೂ ಏಳಲ್ಲ ಅತ್ತಿಗೆ. ಅಣ್ಣನ ಕಾಗದವನ್ನ ಎಲ್ಲರ ಮುಂದೆ ಓದ್ತಾರೆ. ಸತ್ತ ಗಂಡನ ಮಾತಿಗೆ ಅಡ್ಡ ನಿಂತವಳಿಗೆ ಎಂಥ ಗೌರವ ಅಂತ ಕೇಳ್ತಾರೆ. ಅಮ್ಮನೂ ಬರ್ತಾಳೆ. ಮುಂದಿನ ಸಾಲಲ್ಲಿ ಕೂರಿಸ್ತೀನಿ."

"ಅತ್ತೆ ಯಾಕೆ?"

"ಅವಳ ಮಗನ ಕನಸು ಅಲ್ವಾ? ಸ್ವಲ್ಪ ಅತ್ತರೂ ಸಾಕು."

ಅತ್ತೆ ಆ ಮೂರು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದರು. ಸೊಸೆ ನಿನ್ನ ಮಗನ ಹೆಸರಿಗೆ ಮಸಿ ಬಳಿಯುತ್ತಿದ್ದಾಳೆ ಎಂದು ಮೈದುನ ದಿನಾ ಬಂದು ಹೇಳಿ ಹೋಗುತ್ತಿದ್ದ. ಅತ್ತೆ ಅಡುಗೆ ಮಾಡಿ ಮುಚ್ಚಿಟ್ಟು ತಮ್ಮ ಕೋಣೆಗೆ ಹೋಗುತ್ತಿದ್ದರು, ಅವಳು ತಿಂದು ತೊಳೆದಿಟ್ಟು ತನ್ನ ಕೋಣೆಗೆ. ಒಂದೇ ಸತ್ತವನಿಗಾಗಿ ಇಬ್ಬರು ಹೆಂಗಸರು ಎರಡು ಬಾಗಿಲು ಹಾಕಿಕೊಂಡು ಕೂತಿದ್ದರು. ಆ ಮೂರು ತಿಂಗಳಲ್ಲಿ ಸಿಸ್ಟರ್ ಗುಮಾಸ್ತನಿಂದ ನಿಯಮದ ಪುಸ್ತಕ ಕೇಳಿ ತಂದು ಎರಡು ಸಲ ಓದಿದಳು. ಅದರ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಚಾಕುವಿನಿಂದ ಬಿಡಿಸಬೇಕಾಯಿತು.

ಸಭೆಯ ದಿನ ಸಾರ್ವಜನಿಕರ ಬೆಂಚುಗಳು ತುಂಬಿದ್ದವು. ಮುಂದಿನ ಸಾಲಿನಲ್ಲಿ ಮೈದುನ, ಅವನ ಪಕ್ಕ ಅತ್ತೆ, ಕೈಯಲ್ಲಿ ಮಡಿಸಿದ ಕರವಸ್ತ್ರ. ಹಿಂದಿನ ಸಾಲಿನಲ್ಲಿ ಹೆರಿಗೆ ಆಸ್ಪತ್ರೆಯ ದೊಡ್ಡ ಸಿಸ್ಟರ್ ಮತ್ತು ಕೆಲಸ ಮುಗಿಸಿ ಬಂದ ಮೂವರು ಆಯಾಗಳು. ದೊಡ್ಡ ಸಿಸ್ಟರ್‌ಗೆ ನಿವೃತ್ತಿಗೆ ಎರಡು ವರ್ಷ ಬಾಕಿ. ಕಿವಿ ಸ್ವಲ್ಪ ಮಂದ, ಹಾಗಾಗಿ ಪಿಸುಮಾತು ಸ್ವಲ್ಪ ಜೋರು.

ಅಧ್ಯಕ್ಷರು ಪತ್ರವನ್ನು ಒಳ್ಳೆಯ ದನಿಯಲ್ಲಿ ಓದಿದರು. ಗಂಡನ ಹೆಸರು ಬಂದಾಗ ಗಂಟಲು ಕಟ್ಟಿದ ಹಾಗೆ ಮಾಡಿ ನೀರು ಕುಡಿದರು. ಓದಿ ಮುಗಿಸಿ ಕನ್ನಡಕ ತೆಗೆದರು.

"ತಂಗಿ, ಇದು ನಿನ್ನ ಗಂಡನ ಕೊನೇ ಆಸೆ. ಅವನ ಹೆಸರಲ್ಲಿ ಗೆದ್ದು ಬಂದವಳು ನೀನು. ಅವನ ತಾಯಿ ಇಲ್ಲೇ ಕೂತಿದಾರೆ. ಅವನ ವಿರುದ್ಧ ಏಳ್ತೀಯಾ?"

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಕರವಸ್ತ್ರವನ್ನು ನೋಡುತ್ತಿದ್ದರು. ದಿಂಬಿನ ತಗ್ಗಿನಲ್ಲಿ ಕೂತಿದ್ದ ಅವಳಿಗೆ ಒಂದು ಕ್ಷಣ ಕಾಲುಗಳಿವೆ ಎಂಬುದೇ ಮರೆತುಹೋಯಿತು. ಆಮೇಲೆ ಮೇಜು ಹಿಡಿದು ಎದ್ದಳು.

ಒಂದು ಕುರ್ಚಿಯೂ ಕಿರ್ರೆನ್ನಲಿಲ್ಲ. ಹದಿನಾರು ಗಂಡಸರು ಹದಿನಾರು ಕಡೆ ನೋಡುತ್ತ ಭದ್ರವಾಗಿ ಕೂತಿದ್ದರು. ಅಗೌರವ ಮಾಡುವುದು ಅವರು ಅಂದುಕೊಂಡಿದ್ದಕ್ಕಿಂತ ಸುಲಭವಾಗಿತ್ತು.

"ವಿರೋಧ ಒಂದು," ಎಂದ ಗುಮಾಸ್ತ. ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಸರ್ವಾನುಮತ ಮುರಿದಿತ್ತು. ಅವನ ಪೆನ್ನು ಹಾಳೆಯ ಮೇಲೆ ತಡವರಿಸಿತು.

"ಆಯ್ತಲ್ಲ," ಅಧ್ಯಕ್ಷರು ಕಾಗದ ಮಡಿಸಿದರು. "ಒಂದು ವಿರೋಧ, ಹದಿನಾರು ಪರ. ಬರ್ಕೋ."

"ಸದಸ್ಯರ ಹೆಸರು ಕೂಗಿ ಅಂತ ಕೇಳ್ತೀನಿ," ಎಂದಳು ಸಿಸ್ಟರ್. ವಂದನೆ ಬಿಟ್ಟರೆ ಸಭೆಯಲ್ಲಿ ಅವಳು ಆಡಿದ ಮೊದಲ ಮಾತು ಅದು. "ಸರ್ವಾನುಮತ ಇಲ್ಲದಾಗ ಒಬ್ಬ ಸದಸ್ಯ ಕೇಳಿದ್ರೂ ಸಾಕು. ಒಬ್ಬೊಬ್ಬರ ಹೆಸರು ಕೂಗಬೇಕು. ಅವರು ಬಾಯಿಬಿಟ್ಟು ಹೇಳಬೇಕು. ಹೆಸರಿನ ಪಕ್ಕ ಬರ್ಕೊಂಡು ಸಹಿ ತಗೋಬೇಕು. ಇಪ್ಪತ್ತೆರಡನೇ ನಿಯಮ."

"ಹೌದಾ?" ಅಧ್ಯಕ್ಷರು ಗುಮಾಸ್ತನನ್ನು ಕೇಳಿದರು.

"ಹೌದು ಸಾರ್. ಯಾರೂ ಕೇಳಿರಲಿಲ್ಲ ಅಷ್ಟೇ." ಗುಮಾಸ್ತ ಡ್ರಾಯರಿನಿಂದ ಇನ್ನೊಂದು ಪುಸ್ತಕ ತೆಗೆದ. ಅದರ ಹೊದಿಕೆ ಹಳೆಯದು, ಒಳಗಿನ ಹಾಳೆಗಳು ಹೊಚ್ಚಹೊಸವು.

ಸಭೆಯಲ್ಲಿ ಗುಸುಗುಸು ಎದ್ದಿತು. ಸಾರ್ವತ್ರಿಕ ಚುನಾವಣೆಗೆ ಎರಡೇ ತಿಂಗಳಿತ್ತು. ಅಧ್ಯಕ್ಷರಿಗೆ ಗಾಳಿಯ ದಿಕ್ಕು ತಿಳಿಯುತ್ತಿತ್ತು. ಮುಖದ ತುಂಬ ವಾತ್ಸಲ್ಯ ತಂದುಕೊಂಡರು. "ಇಷ್ಟೆಲ್ಲ ಯಾಕೆ? ನಾವೆಲ್ಲ ಒಂದೇ ಮನೆಯವರು. ವಿಷಯ ಮುಂದೂಡೋಣ. ಕೂತ್ಕೋ ತಂಗಿ. ಆಸ್ಪತ್ರೆ ಸದ್ಯಕ್ಕೆ ಇರತ್ತೆ. ನಿನ್ನ ಮಾತೂ ಉಳಿಯಿತು, ನಿನ್ನ ಗಂಡನ ಹೆಸರೂ ಉಳಿಯಿತು."

ಕೂತುಬಿಡಬಹುದಿತ್ತು. ಅತ್ತೆಗೆ ಮುಖ ತೋರಿಸಬಹುದಿತ್ತು. ಮುಂದೂಡಿದ್ದು ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಚುನಾವಣೆ ಮುಗಿದ ಮರುದಿನ ಹದಿನಾಲ್ಕನೆಯ ವಿಷಯವಾಗಿ ವಾಪಸು ಬರುತ್ತದೆ, ಅವಳು ಇಲ್ಲಿರುವುದಿಲ್ಲ, ಗೇಟಿನಲ್ಲಿ ಗೂಡ್ಸ್ ಗಾಡಿ ಇರುತ್ತದೆ.

"ಕೂಗಿ," ಎಂದಳು.

ಮೊದಲ ಹೆಸರು ಔಷಧಿ ಅಂಗಡಿಯವರದು.

"ಮುಚ್ಚಬೇಕಾ, ಬೇಡವಾ ಸಾರ್?" ಗುಮಾಸ್ತ ಕೇಳಿದ.

"ಎಲ್ಲರೂ ಏನು ಹೇಳ್ತಾರೋ ನಂದೂ ಅದೇ."

"ಎಲ್ಲರೂ ಇನ್ನೂ ಹೇಳಿಲ್ಲ ಸಾರ್. ನೀವೇ ಮೊದಲು."

ಔಷಧಿ ಅಂಗಡಿಯವರು ಬೆವರೊರೆಸಿಕೊಂಡರು. ಹಿಂದಿನ ಬೆಂಚಿನಲ್ಲಿ ದೊಡ್ಡ ಸಿಸ್ಟರ್ ಪಕ್ಕದ ಆಯಾಳಿಗೆ ಪಿಸುಗುಟ್ಟಿದರು. ಇಡೀ ಸಭಾಂಗಣಕ್ಕೆ ಕೇಳಿಸಿತು. "ಇವರ ಮನೆಯವರದ್ದು ಅವಳಿ ಕಣೇ. ಎರಡನೇದು ಕಾಲು ಮುಂದಾಗಿ ಬಂತು. ಇವ್ರು ಹೊರಗೆ ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅಳ್ತಿದ್ರು."

"ಬೇಡ," ಎಂದರು ಔಷಧಿ ಅಂಗಡಿಯವರು. "ಮುಚ್ಚೋದು ಬೇಡ."

ಎರಡನೆಯವರು ಬಸ್ಸಿನ ಮಾಲೀಕರು. ಹನ್ನೊಂದು ಕಿಲೋಮೀಟರಿಗೆ ಬಸ್ಸು ಓಡಿಸುವವರು ಅವರೇ. "ಮುಚ್ಚಿ!" ಎಂದು ಗಟ್ಟಿಯಾಗಿ ಹೇಳಿದರು. ಪಾಪ, ಅವರಿಗೆ ಮಕ್ಕಳಿರಲಿಲ್ಲ. ದೊಡ್ಡ ಸಿಸ್ಟರ್ ಬಳಿ ಹೇಳಲು ಏನೂ ಇರಲಿಲ್ಲ.

ಮೂರನೆಯವರು ಬಟ್ಟೆ ಅಂಗಡಿಯವರು. ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನ ಕಡೆ ತಿರುಗಿ, "ಸಿಸ್ಟರ್, ನೀವೇನೂ ಹೇಳ್ಬೇಡಿ. ಬೇಡ ಅಂತಲೇ ನನ್ನದೂ," ಎಂದರು. ಸಭೆ ಗೊಳ್ಳೆಂದಿತು. ನಾಲ್ಕನೆಯವರು ಸೊಸೆಗೆ ಏಳು ತಿಂಗಳೆಂದು ಈಗಷ್ಟೇ ನೆನಪಾದವರ ಹಾಗೆ ಹೇಳಿ, ಬೇಡ ಎಂದರು. ಆರನೆಯವರು ಶೌಚಾಲಯಕ್ಕೆ ಹೋಗಬೇಕೆಂದರು. ಸಹಿ ಹಾಕಿ ಹೋಗಿ ಎಂದ ಗುಮಾಸ್ತ. ಅಷ್ಟರಲ್ಲಿ ಬೇಡ ಎನ್ನುವುದು ಎಲ್ಲರ ಬಾಯಿಗೂ ರೂಢಿಯಾಗಿತ್ತು. ಸರ್ವಾನುಮತದ ಚಾಳಿ ಅಷ್ಟು ಬೇಗ ಬಿಡುವಂಥದ್ದಲ್ಲ. ಕೊನೆಯಲ್ಲಿ ಅಧ್ಯಕ್ಷರ ಸರದಿ. ಅವರು ಎದೆಯುಬ್ಬಿಸಿ, ವರದಿಗಾರನ ಕಡೆ ತಿರುಗಿ, ಈ ಆಸ್ಪತ್ರೆ ಉಳಿಯಬೇಕೆಂಬುದು ಮೊದಲಿನಿಂದಲೂ ತಮ್ಮ ವೈಯಕ್ತಿಕ ನಿಲುವಾಗಿತ್ತೆಂದು ಘೋಷಿಸಿದರು.

ಹದಿಮೂರು ಬೇಡ, ನಾಲ್ಕು ಬೇಕು. ಗುಮಾಸ್ತ ಕೂಡಿಸಿ, ಮತ್ತೊಮ್ಮೆ ಕೂಡಿಸಿ ಬರೆದ. ಹೆಸರು ಹೇಳಿ ತಿರಸ್ಕರಿಸಿದ ಪ್ರಸ್ತಾಪ ಐದು ವರ್ಷ ಬರುವ ಹಾಗಿಲ್ಲ ಎಂದು ಇಪ್ಪತ್ತಮೂರನೆಯ ನಿಯಮವನ್ನೂ ಓದಿ ಹೇಳಿದ. ದೊಡ್ಡ ಸಿಸ್ಟರ್ ಮತ್ತು ಆಯಾಗಳು ಚಪ್ಪಾಳೆ ಹೊಡೆದರು. ಅಧ್ಯಕ್ಷರು ಅದು ತಮಗೆಂದು ಕೈ ಬೀಸಿದರು.

ಸಿಸ್ಟರ್ ಆಗ ಕೂತಳು. ಗೆದ್ದಾಗ ಏನೋ ಅನಿಸಬೇಕಲ್ಲ ಎಂದು ಕಾದಳು. ಅನಿಸಿದ್ದು ಹಿಮ್ಮಡಿಯ ನೋವು ಮಾತ್ರ.

ಸಭೆ ಮುಗಿದಾಗ ಮೈದುನ ಅವಳನ್ನು ದಾಟಿ ಹೋದ. "ಅಣ್ಣನ ಮಾನ ಕಳೆದ್ರಿ. ಮುಂದಿನ ಸಲ ಟಿಕೆಟ್ಟು ನನಗೆ. ನೀವು ಮನೇಲಿ ಕೂತು ನಿಯಮ ಓದ್ಕೊಳ್ಳಿ," ಎಂದು ಕಾರಿನ ಬಾಗಿಲು ತೆರೆದು ನಿಂತ. "ಅಮ್ಮಾ, ಬಾ."

ಅತ್ತೆ ಮೆಟ್ಟಿಲಿಳಿಯುತ್ತಿದ್ದರು. ಕರವಸ್ತ್ರ ಇನ್ನೂ ಮಡಿಸಿಯೇ ಇತ್ತು. ಕಾರಿನ ತನಕ ಹೋಗಿ, ಒಳಗೆ ನೋಡಿ, "ನೀನು ಹೋಗು. ನನಗೆ ಈ ಕಾರಿನ ವಾಸನೆ ಆಗಲ್ಲ," ಎಂದರು.

ಕಾರು ಹೋಯಿತು. ಅತ್ತೆ ಬೀದಿಯಂಚಿನಲ್ಲಿ ನಡೆಯತೊಡಗಿದರು. ಅವಳು ಎರಡು ಹೆಜ್ಜೆ ಹಿಂದೆ. ಸೈಕಲ್ ರಿಪೇರಿ ಅಂಗಡಿ ದಾಟಿದರು, ಮುಚ್ಚಿದ ಸಿನಿಮಾ ಮಂದಿರ ದಾಟಿದರು.

"ಆ ಔಷಧಿ ಅಂಗಡಿಯವನು ನಿಜವಾಗ್ಲೂ ಅತ್ತಿದ್ನಾ?" ಅತ್ತೆ ತಿರುಗದೆ ಕೇಳಿದರು. ಮೂರು ತಿಂಗಳಲ್ಲಿ ಮೊದಲ ಮಾತು.

"ಹ್ಞೂ. ನಾನೇ ನೀರು ಕೊಟ್ಟೆ."

"ನೋಡಿದ್ರೆ ಕಲ್ಲಿನ ಹಾಗಿದಾನೆ." ಇನ್ನೂ ಸ್ವಲ್ಪ ದೂರ ನಡೆದರು. "ನನ್ನ ಮಗ ಅದನ್ನ ಓದದೆ ಸಹಿ ಹಾಕಿರಬೇಕು. ಅವರಪ್ಪನೂ ಹಾಗೇ. ಮುಂದಿಟ್ಟಿದ್ದಕ್ಕೆಲ್ಲ ಸಹಿ ಹಾಕೋರು."

ಹೌದು ಅನ್ನಬಹುದಿತ್ತು. ಹೌದು ಎಂದರೆ ಮನೆಯಲ್ಲಿ ಎರಡು ಬಾಗಿಲೂ ತೆರೆದುಕೊಳ್ಳುತ್ತಿದ್ದವು.

"ಓದಿ ಹಾಕಿದಾರೆ ಅತ್ತೆ. ಮಳಿಗೆ ಎಷ್ಟು ಅಂತ ತಿದ್ದಿದಾರೆ. ಅಕ್ಷರ ಅವರದ್ದೇ."

ಅತ್ತೆ ನಿಂತರು. ಅವಳೂ ನಿಂತಳು. ಒಬ್ಬ ಸೈಕಲ್ಲಿನವನು ಗಂಟೆ ಬಾರಿಸಿ ಇಬ್ಬರನ್ನೂ ಬಳಸಿಕೊಂಡು ಹೋದ.

"ನಿನಗೆ ಗೊತ್ತಿತ್ತಾ?"

"ಮೂರು ತಿಂಗಳಿಂದ."

"ಒಬ್ಬಳೇ ಇಟ್ಕೊಂಡಿದ್ಯಾ?"

"ಯಾರಿಗೆ ಹೇಳಲಿ? ನೀವು ಮಾತಾಡ್ತಿರಲಿಲ್ಲ."

ಅತ್ತೆ ಅವಳ ಮುಖವನ್ನು ನೋಡಿದರು. ಸಾವಿನ ಮನೆಗೆ ಬಂದವರ ನೋಟವಲ್ಲ ಅದು. ಹಾಲಿಗೆ ನೀರು ಬೆರೆಸಿದ್ದಾರೋ ಎಂದು ನೋಡುವ ಹೆಂಗಸಿನ ನೋಟ.

"ಅವನ ಮೇಲೆ ಕೋಪ ಇದೆಯಾ ನಿನಗೆ?"

"ಇದೆ," ಎಂದಳು. ಕೈ ನಡುಗತೊಡಗಿತು. ನಿಲ್ಲಿಸಲು ನೋಡಿದಳು, ನಿಲ್ಲಲಿಲ್ಲ. "ತುಂಬಾ ಇದೆ ಅತ್ತೆ. ಬದುಕಿದ್ದಿದ್ರೆ ಮುಖಕ್ಕೆ ಎಸೀತಿದ್ದೆ ಆ ಕಾಗದನ. ಕೂತು ಜಗಳ ಆಡ್ತಿದ್ದೆ. ಅದಕ್ಕೂ ಇಲ್ಲದ ಹಾಗೆ ಹೋಗಿಬಿಟ್ರು."

"ನನಗೂ ಇದೆ," ಎಂದರು ಅತ್ತೆ. "ನನಗಿಂತ ಮೊದಲೇ ಹೋದ್ನಲ್ಲ ಅಂತ. ಹೇಳಿದ್ರೆ ಜನ ಏನಂತಾರೋ ಅಂತ ಸುಮ್ನಿದ್ದೆ."

ನಡುಗುವ ಕೈಯನ್ನು ಅತ್ತೆ ಹಿಡಿದುಕೊಂಡರು. ಸಮಾಧಾನಕ್ಕೆಂದೋ ರಸ್ತೆ ದಾಟುವುದಕ್ಕೆಂದೋ ಹೇಳುವುದು ಕಷ್ಟ. ಎದುರಿನಿಂದ ಲಾರಿ ಬರುತ್ತಿತ್ತು. ಅದು ಹೋಗುವವರೆಗೂ ಇಬ್ಬರೂ ಕಾದರು, ಆಮೇಲೆ ದಾಟಿದರು.